ಜೂನ್ ಒಂದರಂದು ಹುಟ್ಟದವರು

ಕಳೆದ ತಿಂಗಳು ಅಮೆರಿಕದ ಡೆಟ್ರಾಯ್ಟ್ ಪಕ್ಕದ ನಮ್ಮೂರು ನೋವೈಯ ದೇವಸ್ಥಾನದ ಸಭಾಂಗಣದಲ್ಲಿ ಒಂದು ಸಂತಾಪ ಸಭೆ ನಡೆಯಿತು. ಅಲ್ಲಿ ಹಂಚಿದ ಕಾರ್ಡಿನ ಮೇಲೆ ತೀರಿಕೊಂಡ ಮಿತ್ರರ ಜನ್ಮದಿನವನ್ನು ಜೂನ್ ಒಂದು ಎಂದು ಅಚ್ಚು ಹಾಕಿಸಿದ್ದರು. ಅದು ತಪ್ಪು. ಸಭೆಯ ನಡುವೆ ಎದ್ದು ತಿದ್ದುವುದು ಸಭ್ಯತೆಯಲ್ಲವೆಂದು ಸುಮ್ಮನಿದ್ದೆ. ಆದರೆ ಶಾಸನಗಳ ಕಾಲನಿರ್ಣಯದಲ್ಲೇ ಆಯುಷ್ಯ ಕಳೆದವನಿಗೆ ತಪ್ಪು ತಾರೀಖೊಂದನ್ನು ಜೇಬಿನಲ್ಲಿಟ್ಟುಕೊಂಡು ಮನೆಗೆ ಬರುವುದೆಂದರೆ ಬೂಟಿನೊಳಗೆ ಕಲ್ಲು ಸೇರಿಕೊಂಡಂತೆ. ಈ ಬರಹ ಆ ಕಲ್ಲನ್ನು ಕೊಡವುವ ಪ್ರಯತ್ನ. ಸರಿಯಾದ ತಾರೀಖನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಬರೆದರೆ ಅವರು ಯಾರೆಂದು ಬಲ್ಲವರಿಗೆ ತಿಳಿದುಹೋಗುತ್ತದೆ. ತಮ್ಮ ವಿಷಯ ತಿಳಿಯದಂತೆ ಬದುಕುವುದು ಅವರ ವೃತ್ತಿಯ ಮೊದಲ ನಿಯಮವಾಗಿತ್ತು.

ಸಭೆಯಲ್ಲಿ ಹಲವರು ಮಾತನಾಡಿದರು. ಒಬ್ಬರು ಅವರು ಕೊಡುತ್ತಿದ್ದ ಶೇಂಗಾ ಹಿಂಡಿ ಎಂಬ ಚಟ್ನಿಪುಡಿಯನ್ನು ನೆನೆದರು, ಇನ್ನೊಬ್ಬರು ಮಂಜು ಸುರಿಯುವಾಗ ವಿಮಾನ ನಿಲ್ದಾಣಕ್ಕೆ ಬಿಟ್ಟುಬಂದದ್ದನ್ನು ನೆನೆದರು. ಅವರು ಏನು ಕೆಲಸ ಮಾಡುತ್ತಿದ್ದರೆಂದು ಯಾರೂ ಹೇಳಲಿಲ್ಲ. ಗೊತ್ತಿದ್ದರಲ್ಲವೇ ಹೇಳುವುದು! ರಕ್ಷಣಾ ಉದ್ಯಮಕ್ಕೆ ಸಾಫ್ಟ್‌ವೇರ್ ಬರೆದುಕೊಡುವ ಗುತ್ತಿಗೆಯ ಎಂಜಿನಿಯರ್ ಎಂಬಲ್ಲಿಗೆ ನಮ್ಮೆಲ್ಲರ ಜ್ಞಾನ ಮುಗಿಯುತ್ತಿತ್ತು. ಕೇಳಿದರೆ, "ಗಾಡಿ ಕೆಲಸ್ರಿ" ಎನ್ನುತ್ತಿದ್ದರು. ಸೇನೆಯ ಆ ಗಾಡಿಗೆ ಚಕ್ರಗಳಿದ್ದುವೋ ಉಕ್ಕಿನ ಪಟ್ಟಿಯಿತ್ತೋ, ಅಥವಾ ಗಾಡಿ ಎಂಬುದೇ ಒಂದು ನೆಪವೋ, ಇಂದಿಗೂ ನನಗೆ ತಿಳಿಯದು. ಹಬ್ಬದ ಊಟವೊಂದರಲ್ಲಿ ಇಲ್ಲೇ ಹುಟ್ಟಿ ಬೆಳೆದ ಹುಡುಗಿಯೊಬ್ಬಳು, "ಅಂಕಲ್, ಡು ಯು ಮೇಕ್ ಮಿಸೈಲ್ಸ್?" ಎಂದು ನೇರವಾಗಿ ಕೇಳಿದ್ದಳು. ಅವರು ಗಂಭೀರವಾಗಿ, "ಇಲ್ಲವಾ ತಂಗಿ, ಹಾರ್ನ್ ಮಾಡ್ತೀನಿ. ಪೀಪೀ ಅಂತೈತಲ್ಲ, ಅದು" ಎಂದರು. ಆ ಹುಡುಗಿ ಬಹಳ ನಿರಾಸೆಯಿಂದ ತಟ್ಟೆಯ ಕಡೆ ತಿರುಗಿದಳು.

ಅವರು ನಮ್ಮ ಎದುರುಮನೆಗೆ ಬಂದದ್ದು ಕೋವಿಡ್‌ಗೆ ಹಿಂದಿನ ಚಳಿಗಾಲದಲ್ಲಿ. ಅದಕ್ಕೂ ಒಂದು ವರ್ಷ ಮುಂಚೆ ಎಂಬುದು ನನ್ನ ಹೆಂಡತಿಯ ವಾದ. ಆಧಾರವಾಗಿ ಅವಳು ಅಂಗಳದ ಮೇಪಲ್ ಗಿಡವನ್ನು ತೋರಿಸುತ್ತಾಳೆ. ಆ ಗಿಡವನ್ನು ನೆಟ್ಟದ್ದೇ ಆಮೇಲೆ ಎಂಬುದನ್ನು ನಾನು ನರ್ಸರಿಯಲ್ಲಿ ವಿಚಾರಿಸಿ ಖಚಿತಪಡಿಸಿಕೊಂಡಿದ್ದೇನೆ. ಇಲ್ಲಿಗೆ ಬರುವ ಮುಂಚೆ ಅವರ ಸಂಸಾರ ಶಿಕಾಗೋ ಪಕ್ಕದ ಡೆಸ್ ಪ್ಲೇನ್ಸ್‌ನಲ್ಲಿತ್ತು. ಗುತ್ತಿಗೆ ಮುಗಿದು, ಹೊಸ ಗುತ್ತಿಗೆ ನಮ್ಮೂರಿಗೆ ಹತ್ತಿರದ ಲಿವೋನಿಯಾದಲ್ಲಿ ಸಿಕ್ಕಿತು. ಶಿಕಾಗೋ ವಿಮಾನ ನಿಲ್ದಾಣದ ಬಳಿಯ ಕಚೇರಿಯಲ್ಲಿ ಅವರ ಹೆಂಡತಿಗೆ ಕಾಯಂ ಕೆಲಸವಿತ್ತು. ಇಬ್ಬರಲ್ಲಿ ಒಬ್ಬರದಾದರೂ ಕಾಯಂ ಇರಲಿ ಎಂದು ಆಕೆ ಅಲ್ಲೇ ಉಳಿದರು. ಇವರು ವಾರವೆಲ್ಲ ನೋವೈಯ ಬಾಡಿಗೆ ಮನೆಯಲ್ಲಿದ್ದು, ಶುಕ್ರವಾರ ಸಂಜೆ ಶಿಕಾಗೋ ಕಡೆಯ ಫ್ರೀವೇ ಹಿಡಿಯುತ್ತಿದ್ದರು. ಡೆಟ್ರಾಯ್ಟಿಗೂ ಶಿಕಾಗೋಗೂ ಗಡಿಯಾರದಲ್ಲಿ ಒಂದು ಗಂಟೆಯ ಅಂತರ. ಅವರ ಕಾರಿನ ಗಡಿಯಾರ ಮಾತ್ರ ಸದಾ ಶಿಕಾಗೋ ಸಮಯವನ್ನೇ ತೋರಿಸುತ್ತಿತ್ತು. ತಿದ್ದಿಕೊಡಲೇ ಎಂದು ನಾನೊಮ್ಮೆ ಕೇಳಿದ್ದಕ್ಕೆ, "ಬ್ಯಾಡ್ರಿ ಸರ. ಅದು ಮನಿ ಟೈಮು. ಈಗ ಆಕಿ ಚಾ ಕುಡಿಯಾಕತ್ತಿರ್ತಾಳ ಅಂತ ಗೊತ್ತಾಗತೈತಿ" ಎಂದರು. ತಪ್ಪು ಗಡಿಯಾರವೊಂದನ್ನು ನಾನು ತಿದ್ದದೆ ಬಿಟ್ಟದ್ದು ಅದೊಂದೇ.

ಕೆಲಸದ ಜಾಗದೊಳಗೆ ಫೋನ್ ಒಯ್ಯುವಂತಿರಲಿಲ್ಲ. ಬಾಗಿಲ ಬಳಿಯ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ ಒಳಗೆ ಹೋದರೆ ಸಂಜೆಯವರೆಗೆ ಹೊರಗಿನ ಸುದ್ದಿ ತಿಳಿಯದು. ಹೀಗಾಗಿ ಮನೆಗೆ ಬಂದೊಡನೆ ರಸ್ತೆ ದಾಟಿ ನಮ್ಮ ಬಾಗಿಲಲ್ಲಿ ನಿಂತು, "ಏನಾತ್ರೀ ಸರ ಜಗತ್ತಿನ್ಯಾಗ?" ಎಂದು ಕೇಳುವುದು ವಾಡಿಕೆಯಾಯಿತು. ನಾನು ಜಗತ್ತಿನ ವರದಿ ಒಪ್ಪಿಸುತ್ತಿದ್ದೆ. ಅವರು ನಿಂತಲ್ಲೇ ಕೇಳಿ, "ಹಂಗಾರ ನಾ ಒಳಗಿದ್ದದ್ದ ಚಲೋ ಆತು" ಎಂದು ಹೊರಡುತ್ತಿದ್ದರು.

ಗುತ್ತಿಗೆಯವರ ಸ್ಥಾನಮಾನದ ಬಗ್ಗೆ ಅವರಿಗೆ ದುಃಖವಿರಲಿಲ್ಲ, ವಿನೋದವಿತ್ತು. ಯೋಜನೆಯೊಂದು ಮುಗಿದಾಗ ಕಚೇರಿಯಲ್ಲಿ ಕೇಕ್ ಕತ್ತರಿಸುತ್ತಾರೆ, ಆಮೇಲೆ ಎಲ್ಲರೂ ಸಾಲಾಗಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. "ನಾವು ಕಾಂಟ್ರ್ಯಾಕ್ಟ್ ಮಂದಿ. ಕೇಕ್ ತಿನ್ನಬೌದು, ಫೋಟೋದಾಗ ನಿಂದ್ರಂಗಿಲ್ಲ. ಲುಕ್ಸಾನ ಏನೂ ಇಲ್ರಿ. ಫೋಟೋ ಹೊಟ್ಟಿಗಿ ಹತ್ತಂಗಿಲ್ಲ."

ಕೆಲಸದ ಬಗ್ಗೆ ಏನನ್ನೂ ಹೇಳದಿದ್ದರೂ ಕೆಲಸದ ರೀತಿಯನ್ನು ಅವರು ಬಚ್ಚಿಡಲಾರದವರಾಗಿದ್ದರು. ಯಾವುದನ್ನೇ ಆಗಲಿ ಚಾಲೂ ಮಾಡುವ ಮುನ್ನ ನಿಲ್ಲಿಸುವ ಬಗೆಯನ್ನು ಬರೆಯಬೇಕು ಎಂಬುದು ಅವರ ಸೂತ್ರ. ನಮ್ಮ ಪಕ್ಕದ ಮನೆಗೆ ಬೆಂಗಳೂರಿನ ಎಂಜಿನಿಯರ್ ಒಬ್ಬ ಬಂದಿದ್ದ. ವಾಹನ ಕಂಪನಿಯಲ್ಲಿ ಕೆಲಸ, ಮಿಶಿಗನ್ನಿನ ಮೊದಲ ಚಳಿಗಾಲ. ಹಿಮ ತಳ್ಳುವ ಹೊಸ ಯಂತ್ರವನ್ನು ಅಂಗಳಕ್ಕೆ ತಂದು ಇನ್ನೇನು ಹಗ್ಗ ಎಳೆಯಬೇಕು, ಅಷ್ಟರಲ್ಲಿ ಇವರು ಹಾಜರು.

"ತಮ್ಮಾ, ಮೊದಲ ಬಂದ್ ಮಾಡಿ ತೋರಸು."

"ಇನ್ನೂ ಸ್ಟಾರ್ಟೇ ಮಾಡಿಲ್ಲ ಅಂಕಲ್!"

"ಅದಕ್ಕ ಹೇಳಿದ್ದು. ಚಾಲೂ ಆದಮ್ಯಾಲೆ ಕಲಿಯಾಕ ಪುರಸೊತ್ತ ಸಿಗಂಗಿಲ್ಲ."

ಆತ ಕೈಗವಸು ತೆಗೆದು, ಆಫ್ ಆಗಿರುವ ಯಂತ್ರವನ್ನು ಆಫ್ ಮಾಡಿ ತೋರಿಸಿದ. ಕನ್ನಡ ಸಂಘದ ಸಭೆಯಲ್ಲಿ ಮಾತನಾಡಲು ಕರೆದಾಗಲೂ ಇವರು ಮೊದಲು ಕೊನೆಯ ವಾಕ್ಯವನ್ನು ಗೊತ್ತು ಮಾಡಿಕೊಂಡು ಏಳುತ್ತಿದ್ದರು. ನಮ್ಮ ಸಂಘದಲ್ಲಿ ಹೇಳಿದ ಸಮಯಕ್ಕೆ ಭಾಷಣ ಮುಗಿಸಿದವರು ಇವರೊಬ್ಬರೇ ಎಂದು ನಾನು ದೃಢವಾಗಿ ಹೇಳಬಲ್ಲೆ.

ಈಗ ತಾರೀಖಿನ ವಿಷಯಕ್ಕೆ ಬರುತ್ತೇನೆ. ಇಂಥ ಕೆಲಸದಲ್ಲಿರುವವರಿಗೆ ಸರ್ಕಾರ ಕ್ಲಿಯರೆನ್ಸ್ ಎಂಬ ಅನುಮತಿ ಕೊಡುತ್ತದೆ; ಅದಿಲ್ಲದೆ ಆ ಬಾಗಿಲು ತೆರೆಯದು. ಕೆಲವು ವರ್ಷಗಳಿಗೊಮ್ಮೆ ಅದರ ಮರುಪರಿಶೀಲನೆಯಾಗುತ್ತದೆ. ಆಗ ತನಿಖಾಧಿಕಾರಿಯೊಬ್ಬರು ಬಂದು ನೆರೆಹೊರೆಯವರನ್ನು ಮಾತನಾಡಿಸುವುದುಂಟು. ಕೋವಿಡ್ ಕಳೆದು ಎಲ್ಲರೂ ಮಾಸ್ಕ್ ಬಿಟ್ಟಿದ್ದ ಒಂದು ಸೆಪ್ಟೆಂಬರ್‌ನಲ್ಲಿ ಅಂಥವರೊಬ್ಬರು ನಮ್ಮ ಬಾಗಿಲು ಬಡಿದರು. ಬಾಗಿಲ ಚೌಕಟ್ಟನ್ನೇ ತುಂಬುವ ಎತ್ತರದ, ಬಹು ವಿನಯದ ಮನುಷ್ಯ. ಮೊದಲ ಸರದಿ ನನ್ನ ಹೆಂಡತಿಯದು. ನನ್ನನ್ನು ಪಕ್ಕದ ಕೋಣೆಯಲ್ಲಿ ಕುಳ್ಳಿರಿಸಿದರು. ಇಲ್ಲಿನ ಮನೆಗಳ ಗೋಡೆ ಎಷ್ಟು ತೆಳುವೆಂಬುದು ಆ ಅಧಿಕಾರಿಗೆ ಗೊತ್ತಿರಬೇಕಿತ್ತು.

ನನ್ನ ಹೆಂಡತಿ ಮೈಸೂರಿನವಳು. ಅಪರಿಚಿತರು ಬಂದು ನೆರೆಮನೆಯವರ ಗುಣ ನಡತೆ ವಿಚಾರಿಸಿದರೆ ಅವಳ ಅನುಭವದಲ್ಲಿ ಅದಕ್ಕೆ ಒಂದೇ ಅರ್ಥ: ಸಂಬಂಧ ಬೆಳೆಸಲು ಬಂದಿದ್ದಾರೆ. ಆ ಹೊತ್ತಿನಲ್ಲಿ ಹೊಗಳದಿರುವುದು ಮಹಾಪಾಪ. ಅವಳು ಚಕ್ಕುಲಿ ತಂದಿಟ್ಟು ಹೊಗಳಿದಳು. ಕುಡಿತವಿಲ್ಲ, ಸಾಲವಿಲ್ಲ, ದೇವರಂಥ ಮನುಷ್ಯ. ಅಷ್ಟಕ್ಕೇ ನಿಲ್ಲಿಸದೆ, ನಾವೆಲ್ಲ ಅವರನ್ನು ಎಷ್ಟು ಪ್ರೀತಿಸುತ್ತೇವೆಂದು ತೋರಿಸಲು, ಹಿಂದಿನ ವರ್ಷ ನಮ್ಮ ಮನೆಯಲ್ಲೇ ಮಾಡಿದ ಅವರ ಅರವತ್ತನೇ ಹುಟ್ಟುಹಬ್ಬದ ಫೋಟೋವನ್ನು ಫೋನಿನಲ್ಲಿ ತೆರೆದು ಮುಂದೆ ಹಿಡಿದಳು. ಫೋಟೋದಲ್ಲಿ ಕಿಟಕಿಯಾಚೆ ಹಿಮ ಬಿದ್ದಿತ್ತು.

ಮಾತು ನಡೆದದ್ದು ಇಂಗ್ಲಿಷಿನಲ್ಲಿ, ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಜೂನ್ ತಿಂಗಳಲ್ಲಿ ಹಿಮವೇ, ಮೇಡಂ?"

"ಜೂನ್ ಯಾಕೆ? ಇದು ಕಾರ್ತಿಕದಲ್ಲಿ. ಆಗಲೇ ಅವರು ಹುಟ್ಟಿದ್ದು."

"ದಾಖಲೆಯಲ್ಲಿ ಜೂನ್ ಒಂದು ಅಂತ ಇದೆ."

"ಓ, ಅದು ಸ್ಕೂಲ್ ಬರ್ತ್‌ಡೇ. ಇದು ನಿಜವಾದ ಬರ್ತ್‌ಡೇ."

"ಅಂದರೆ ಸರ್ಕಾರಕ್ಕೆ ಕೊಟ್ಟಿರುವುದು ನಿಜವಲ್ಲ?"

"ಅಯ್ಯೋ, ಅದೂ ನಿಜವೇ! ಅದು ರೆಕಾರ್ಡಿಗೆ, ಇದು ಪಾಯಸಕ್ಕೆ."

 ಆಮೇಲೆ ನನ್ನನ್ನು ಕರೆದರು. ಕೇಳಬೇಕಾದುದನ್ನೆಲ್ಲ ಕೇಳಿ ಮುಗಿಸಿದ ಅಧಿಕಾರಿ ಸ್ವಲ್ಪ ಆಯಾಸದಿಂದ, "ನಿಮ್ಮ ಜನ್ಮದಿನ ಯಾವುದು ಸರ್?" ಎಂದರು. ನಾನು, "ಜೂನ್ ಒಂದು" ಎಂದೆ. ಅವರು ಪೆನ್ನನ್ನು ಮೇಜಿನ ಮೇಲಿಟ್ಟು ನನ್ನನ್ನು ನೋಡಿದರು.

ಫಲಿತಾಂಶ ನಗುವಂಥದ್ದಾಗಿರಲಿಲ್ಲ. ಎರಡು ಜನ್ಮದಿನಗಳಿರುವ ಮನುಷ್ಯನೆಂದರೆ ಅವರ ಭಾಷೆಯಲ್ಲಿ ಎರಡು ಗುರುತುಗಳಿರುವ ಮನುಷ್ಯ. ವಿಷಯ ಇತ್ಯರ್ಥವಾಗುವವರೆಗೆ ಕಟ್ಟಡದೊಳಗೆ ಬರಬಾರದೆಂದು ಲಿವೋನಿಯಾದಿಂದ ಅಪ್ಪಣೆಯಾಯಿತು. ಗುತ್ತಿಗೆಯವರು ಒಳಗೆ ಹೋಗದ ದಿನಕ್ಕೆ ಸಂಬಳವಿಲ್ಲ. ಗುತ್ತಿಗೆಯ ಅವಧಿಯೊಳಗೆ ಅನುಮತಿ ಮರಳದಿದ್ದರೆ ಗುತ್ತಿಗೆಯೇ ಇಲ್ಲ, ಅರವತ್ತು ದಾಟಿದವರಿಗೆ ಅನುಮತಿಯೂ ಇಲ್ಲದೆ ಇನ್ನೊಂದು ಸಿಗುವುದೂ ಇಲ್ಲ. ನನ್ನ ಹೆಂಡತಿ ಅವರ ಮುಂದೆ ನಿಂತು ಅತ್ತೇಬಿಟ್ಟಳು.

"ಅಳಬ್ಯಾಡ್ರಿ ಮೇಡಂ," ಎಂದರು ಅವರು. "ನೀವು ಖರೇನ ಹೇಳೀರಿ. ಅಷ್ಟು ವರ್ಷದಿಂದ ನಾನ ಹೇಳಿರಲಿಲ್ಲ. ಜೂನ್ ಒಂದು ಅಂದ್ರ ಸುಳ್ಳು ಅಂತ ನನಗ ಎಂದೂ ಅನಿಸಿಲ್ಲ ನೋಡ್ರಿ. ನಮ್ಮ ಕ್ಲಾಸಿನ್ಯಾಗ ಎಲ್ಲಾರೂ ಅವತ್ತ ಹುಟ್ಟಿದ್ರು."

ಬೇಸಿಗೆಯಲ್ಲಿ ಗದಗಿನ ಕಡೆಯಿಂದ ಬಂದಿದ್ದ ಅವರ ಅಕ್ಕ ಆಗಿನ್ನೂ ಅವರ ಜೊತೆಗಿದ್ದರು. ಎಪ್ಪತ್ತರ ಹೆಂಗಸು, ಬಡಾವಣೆಯವರೆಲ್ಲ ಆಕೆಯನ್ನು ಅಕ್ಕವ್ವ ಎಂದೇ ಕರೆಯುತ್ತಿದ್ದರು. ತಮ್ಮನ ಹುಟ್ಟನ್ನು ಕಂಡವರಲ್ಲಿ ಬದುಕಿದ್ದವರು ಆಕೆಯೊಬ್ಬರೇ ಎಂದು ತಿಳಿದು, ಆಕೆಯನ್ನು ಮಾತನಾಡಿಸಲು ಬರುವುದಾಗಿ ಅಧಿಕಾರಿ ಹೇಳಿಕಳಿಸಿದರು. ಬೆಂಗಳೂರಿನ ಎಂಜಿನಿಯರ್ ಆ ಸಂಜೆಯೇ ಉಪಾಯ ಹಿಡಿದು ಬಂದ.

"ತುಂಬಾ ಸಿಂಪಲ್ ಅಂಕಲ್. ಅಕ್ಕವ್ವಂಗೆ ಹೇಳ್ಕೊಡಿ, ಜೂನ್ ಒಂದೇ ಅಂತ ಹೇಳ್ಬಿಡ್ಲಿ. ಕಾರ್ತಿಕದಲ್ಲಿ ಮಾಡಿದ್ದು ಸುಮ್ನೆ ಪಾರ್ಟಿ ಅಂದ್ರಾಯ್ತು. ಕೇಸ್ ಕ್ಲೋಸ್."

ಅವರು ತಲೆಯಾಡಿಸಿದರು. "ಹೇಳಿಕೊಟ್ಟ ಉತ್ತರ ಟೆಸ್ಟಿಂಗಿನ್ಯಾಗ ಪಾಸ್ ಆಗತೈತಿ ತಮ್ಮಾ, ರೋಡಿನ ಮ್ಯಾಲ ಫೇಲ್ ಆಗತೈತಿ. ಅಕ್ಕಗ ನಾ ಒಂದು ಅಕ್ಷರ ಹೇಳಂಗಿಲ್ಲ." ಹಾಗೆಯೇ ನಡೆದುಕೊಂಡರು. ಸಾಹೇಬರೊಬ್ಬರು ಬಂದು ಏನೋ ಕೇಳುತ್ತಾರೆ, ನೆನಪಿದ್ದದ್ದನ್ನು ಹೇಳು ಎಂದಿದ್ದಷ್ಟೇ.

ಅಧಿಕಾರಿ ಬಂದ ದಿನ ಅವರು ತಮ್ಮ ಮನೆ ಬಿಟ್ಟುಕೊಟ್ಟು ನಮ್ಮ ಅಡುಗೆಮನೆಯ ಮೇಜಿಗೆ ಬಂದು ಕುಳಿತರು. ಅಧಿಕಾರಿಯ ಕಚೇರಿ ಫೋನಿನಲ್ಲಿ ಒದಗಿಸಿದ ದುಭಾಷಿ ಹಿಂದಿಯವರಾಗಿದ್ದರಿಂದ ಕೆಲಸಕ್ಕೆ ಬರಲಿಲ್ಲ. ಕೊನೆಗೆ ನನ್ನ ಹೆಂಡತಿಯೇ ಅನುವಾದಕ್ಕೆ ಕುಳಿತಳು. ಅಲ್ಲಿ ನಡೆದುದನ್ನು ಅವಳಿಂದ ಅಂದೇ ಎರಡು ಸಲ ಹೇಳಿಸಿ, ಎರಡೂ ಒಂದೇ ಆಗಿರುವುದನ್ನು ನೋಡಿಕೊಂಡು ಬರೆಯುತ್ತಿದ್ದೇನೆ.

ಶಾಲೆಗೆ ಯಾರು ಸೇರಿಸಿದರು ಎಂಬುದು ಮೊದಲ ಪ್ರಶ್ನೆ. "ನಾನ ಕೈ ಹಿಡಕೊಂಡು ಕರಕೊಂಡು ಹೋದೆ," ಎಂದರಂತೆ ಅಕ್ಕವ್ವ. ಹೆಡ್‌ಮಾಸ್ತರರು ಹುಡುಗನಿಗೆ ಬಲಗೈಯನ್ನು ತಲೆಯ ಮೇಲಿಂದ ತಂದು ಎಡಕಿವಿ ಮುಟ್ಟಲು ಹೇಳಿದರು; ಮುಟ್ಟಿದರೆ ವಯಸ್ಸಾಗಿದೆ ಎಂದು ಲೆಕ್ಕ. ಆಕೆ ಮಾಡಿ ತೋರಿಸಿದರು. ಅಧಿಕಾರಿಗೆ ಅರ್ಥವಾಗದೆ, ತಾವೂ ಕೋಟು ಬಿಗಿಯುತ್ತಿದ್ದಂತೆ ತೋಳೆತ್ತಿ ಪ್ರಯತ್ನಿಸಿದರು. "ಸಾಹೇಬ್ರ ಕೈ ಮುಟ್ಟತು. ಸಾಲಿಗಿ ಹಚ್ಚಬೌದು," ಎಂದರು ಅಕ್ಕವ್ವ. ಇದನ್ನು ಅನುವಾದಿಸಲೋ ಬೇಡವೋ ಎಂದು ಯೋಚಿಸಿ ನನ್ನ ಹೆಂಡತಿ ಅನುವಾದಿಸಿದಳು. ಅಧಿಕಾರಿ ಮೊದಲ ಸಲ ನಕ್ಕರು.

"ಮಾಸ್ತರಗ ನಾ ಖರೇ ತಾರೀಖ ಹೇಳ್ದೆ. ಅವರು ಬರಕೊಳ್ಳಲಿಲ್ಲ. ಸಾಲಿ ಸುರು ಆಗೂ ದಿನಾನ ಎಲ್ಲಾರಿಗೂ ಬರದ್ರು."

ಅಧಿಕಾರಿ ಮತ್ತೆ ಗಂಭೀರರಾದರು. ಆ ಕಾಲದಲ್ಲಿ ಜನನದ ನೋಂದಣಿ ಇರಲಿಲ್ಲ ಎನ್ನುತ್ತೀರಿ. ನೀವೂ ಆಗ ಚಿಕ್ಕ ಹುಡುಗಿ. ಇಷ್ಟು ವರ್ಷಗಳ ಮೇಲೆ, ಅದೇ ತಾರೀಖು ಎಂದು ಹೇಗೆ ಹೇಳುತ್ತೀರಿ?

"ಆವತ್ತ ಬೋರ್ಡಿನ ಮ್ಯಾಲ ತಾರೀಖ ಬರಿಯೂದು ನನ್ನ ಪಾಳಿ ಇತ್ತು," ಎಂದರು ಅಕ್ಕವ್ವ. "ನಾಲ್ಕನೇತ್ತೆ ಕ್ಲಾಸಿನ್ಯಾಗ ಇದ್ದೆ. ತಾರೀಖ ಬರದು ಸುಣ್ಣದ ಕಡ್ಡಿ ಕೆಳಗ ಇಟ್ಟಿದ್ದೆ, ಅಪ್ಪ ಬಾಗಿಲದಾಗ ಬಂದು ನಿಂತ. ಅವ್ವಗ ಬ್ಯಾನಿ ಸುರು ಆಗ್ಯಾವ, ನಡಿ ಅಂದ. ಸಂಜಿಕ ಇವ ಹುಟ್ಟಿದ. ಕೂಸಿನ ಹಿಡಿಯಾಕ ಮನ್ಯಾಗ ಯಾರೂ ಇರಲಿಲ್ಲ. ಮತ್ತ ನಾ ಸಾಲಿಗಿ ಹೋಗಲಿಲ್ಲ. ಕಡೀಕ ಬರದದ್ದು ಆ ತಾರೀಖ. ಹೆಂಗ ಮರೀಲಿ?"

ಅನುವಾದವನ್ನು ನಡುವೆ ನಿಲ್ಲಿಸಿ ಮತ್ತೆ ಮೊದಲಿನಿಂದ ಹೇಳಬೇಕಾಯಿತೆಂದು ನನ್ನ ಹೆಂಡತಿ ಹೇಳಿದಳು. ಅಕ್ಕವ್ವನ ದನಿ ಮಾತ್ರ ಸಂತೆಯ ದಿನ ಯಾವುದೆಂದು ಹೇಳುವವರ ದನಿಯಂತಿತ್ತಂತೆ. ಅಧಿಕಾರಿ ಮುಂದೇನೂ ಕೇಳದೆ ಎದ್ದು, ಬಾಗಿಲ ಬಳಿ ನಿಂತು ಕೈ ಮುಗಿದರು. ಎಲ್ಲಿ ಕಲಿತರೋ.

ಇದನ್ನೆಲ್ಲ ಅವಳು ನಮ್ಮ ಅಡುಗೆಮನೆಯಲ್ಲಿ ನಿಂತು ಹೇಳುವಾಗ ಅವರು ಮೇಜಿನ ಮುಂದಿದ್ದರು. ಕಿವಿ ಮುಟ್ಟಿದ ಕಥೆಗೆ ನಕ್ಕರು. ಕಪ್ಪುಹಲಗೆಯ ಮಾತು ಬಂದಾಗ ಕೈಯಲ್ಲಿದ್ದ ಬಟ್ಟಲನ್ನು ಕೆಳಗಿಟ್ಟರು.

"ಸಾಲಿ ನನಗ ಸೇರತಿರಲಿಲ್ಲ ಅಂತ ಜಲ್ಮೆಲ್ಲ ಹೇಳ್ಯಾಳ್ರಿ ಆಕಿ," ಎಂದರು. "ನಾ ನಂಬಿದ್ದೆ." ಕ್ಲಿಯರೆನ್ಸಿನ ಗತಿ ಏನಾಗಬಹುದೆಂದು ನಾನು ಕೇಳಿದೆ. ಅವರು ರಸ್ತೆಯಾಚೆಯ ತಮ್ಮ ಮನೆಯ ಕಿಟಕಿಯನ್ನೇ ನೋಡುತ್ತಿದ್ದರು.

ಅಕ್ಕವ್ವ ಹೇಳಿದ ತಾರೀಖನ್ನು ನಾನು ಆ ವರ್ಷದ ಪಂಚಾಂಗದೊಡನೆ ತಾಳೆ ನೋಡಿದೆ. ಮಾಸ, ತಿಥಿ ಎರಡೂ ಸರಿಯಾಗಿದ್ದುವು. ಭಾನುವಾರವಲ್ಲ, ಹಬ್ಬವಲ್ಲ, ಶಾಲೆಯಿದ್ದ ದಿನ. ನನ್ನ ಕೈಗೆ ಬಂದ ಯಾವ ಶಾಸನಕ್ಕೂ ಇಷ್ಟು ಒಳ್ಳೆಯ ಸಾಕ್ಷಿ ದೊರೆತದ್ದಿಲ್ಲ.

ಅನುಮತಿ ಮರಳಿ ಬಂತು. ಗುತ್ತಿಗೆ ಉಳಿಯಿತು. ಆ ಸಂಜೆ ಅವರು ಸಿಹಿ ಹಿಡಿದು ಬಂದರು. ಜಗತ್ತಿನಲ್ಲಿ ಏನಾಯಿತೆಂದು ಕೇಳುವ ಬದಲು ನನ್ನ ಹೆಂಡತಿಯನ್ನು ಒಂದು ಮಾತು ಕೇಳಿದರು. ಅವಳು ದೇವಸ್ಥಾನದಲ್ಲಿ ಶುಕ್ರವಾರದ ಸಂಜೆ ಇಲ್ಲಿನ ಮಕ್ಕಳಿಗೆ ಕನ್ನಡ ಕಲಿಸುತ್ತಾಳೆ.

"ಮೇಡಂ, ನಾಲ್ಕನೇ ಹಂತದಾಗ ಒಂದು ಸೀಟ್ ಸಿಗತೈತೇನ್ರಿ?"

ಅಕ್ಕವ್ವ ಮೊದಲು ಬೈದರು. "ಯಾವಾಗರ ಶ್ಯಾಣ್ಯಾ ಆಗ್ತೀಯೋ ನೀ? ಮಮ್ಮಕ್ಕಳ ವಯಸ್ಸಿನ ಹುಡುಗೂರ ಸಂಗಾಟ ಕುಂದ್ರಲಿ?" ಆದರೆ ಶುಕ್ರವಾರ ತಲೆಬಾಚಿಕೊಂಡು ಮೊದಲೇ ಸಿದ್ಧರಾಗಿದ್ದರು. ಊರಿಗೆ ಮರಳುವವರೆಗೆ ಒಂದು ತರಗತಿಯನ್ನೂ ತಪ್ಪಿಸಲಿಲ್ಲ. ಮೊದಲ ಬೆಂಚಿನಲ್ಲಿ ಕುಳಿತು, ಪಕ್ಕದ ಹುಡುಗಿ ಮೆಲ್ಲಗೆ "ಅಜ್ಜಿ, ಡಿಡ್ ಯು ಡು ಯುವರ್ ಹೋಮ್‌ವರ್ಕ್?" ಎಂದು ಕೇಳಿದರೆ, "ನಂದು ಆಗೇತಿ. ನಿಂದು ತಗಿ, ನೋಡೂಣು" ಎನ್ನುತ್ತಿದ್ದರಂತೆ.

ಅಕ್ಕನನ್ನು ಹೊತ್ತಿಗೆ ತಲುಪಿಸಲು ಅವರು ಶುಕ್ರವಾರಗಳಂದು ಲಿವೋನಿಯಾದಿಂದ ಬೇಗ ಹೊರಡಬೇಕಾಗುತ್ತಿತ್ತು; ಆ ಹೊತ್ತಿನ ಸಂಬಳ ಖೋತಾ. ಡೆಸ್ ಪ್ಲೇನ್ಸ್‌ನ ದಾರಿ ಹಿಡಿಯುವುದು ತರಗತಿ ಮುಗಿದ ಮೇಲೆ. ಅಷ್ಟು ವರ್ಷಗಳಲ್ಲಿ ಒಮ್ಮೆಯೂ ಬೇಗ ಹೊರಟವರಲ್ಲವಾದ್ದರಿಂದ ಅವರ ಮೇಲಧಿಕಾರಿ, ಒಳ್ಳೆಯ ಮನುಷ್ಯ, ಒಂದು ದಿನ ಕಾರಣ ಕೇಳಿದರಂತೆ. ಕೆಲಸದ ಜಾಗದ ಮಾತುಕತೆಯೊಂದನ್ನು ಅವರು ನಮಗೆ ವರದಿ ಮಾಡಿದ್ದು ಇದೊಂದೇ ಸಲ.

"ನನ್ನ ಸಿಸ್ಟರ್‌ನ್ನ ಸ್ಕೂಲಿಗೆ ಬಿಡಬೇಕು ಅಂದೆ. ಯಾವ ಕ್ಲಾಸು ಅಂದ. ನಾಲ್ಕನೇದು, ನಡುವ ಬಿಟ್ಟಿದ್ಲು ಅಂದೆ. ಹಂಗಾರ ನಿನಗಿಂತ ಭಾಳ ಸಣ್ಣಾಕಿ ಅಂದ. ಇಲ್ಲ, ಒಂಬತ್ತು ವರ್ಷ ದೊಡ್ಡಾಕಿ ಅಂದೆ."

"ಆಮೇಲೆ?" ಎಂದೆ ನಾನು.

"ಗೋಣ ಹಾಕಿ ಹೋದ ನೋಡ್ರಿ. ಆ ಕಟ್ಟಡದಾಗ ಯಾರೂ ಹೆಚ್ಚಿಗಿ ಪ್ರಶ್ನೆ ಕೇಳಂಗಿಲ್ಲ."